ಸ್ಕಾರ್‌ಬರೋ ಫೇರ್ ಮಾರ್ಟಿನ್ ಕಾರ್ತಿ ಬರೆದ ಹಾಡಲ್ಲ

‘ಸ್ಕಾರ್‌ಬರೋ ಫೇರ್ ಬರೆದದ್ದು ಮಾರ್ಟಿನ್ ಕಾರ್ತಿ, ಪಾಲ್ ಸೈಮನ್ ಅದನ್ನು ಕದ್ದರು’ ಎಂಬ ಮಾತು ಓಡಾಡುತ್ತಿದೆ. ಕಾರ್ತಿ ಇಂಗ್ಲೆಂಡಿನ ಜನಪದ ಗಾಯಕರು, ಸೈಮನ್ ಅಮೆರಿಕದ ಹಾಡುಗಾರರು. ಕಾರ್ತಿ ಮೇಲಿನ ಅಭಿಮಾನ ನನಗೂ ಇದೆ, ಕೊಂಚ ಜಾಸ್ತಿಯೇ ಇದೆ. ಆದರೂ ಇದು ಅರ್ಧ ಸತ್ಯ.

ಹಾಡು ಇಂಗ್ಲೆಂಡಿನ ಹಳೇ ಜನಪದ ಹಾಡು. ಬರೆದವರು ಯಾರೆಂದು ಗೊತ್ತಿಲ್ಲ. ಹೊಲಿಗೆಯೇ ಇಲ್ಲದ ಅಂಗಿ ಮಾಡಿಕೊಡು, ಕಡಲ ನೀರಿಗೂ ದಡದ ಮರಳಿಗೂ ನಡುವೆ ಒಂದು ಎಕರೆ ಹೊಲ ಹುಡುಕು ಅಂತ ಆಗದ ಕೆಲಸಗಳನ್ನೇ ಕೇಳುತ್ತದೆ. ಕಾರ್ತಿ ಕಲಿತದ್ದೂ ಯುವಾನ್ ಮೆಕಾಲ್ ಮತ್ತು ಪೆಗ್ಗಿ ಸೀಗರ್ ಎಂಬ ಜನಪದ ಗಾಯಕರ ಹಾಡಿನ ಪುಸ್ತಕದಿಂದ.

ಹಾಗಾದರೆ ಕಾರ್ತಿಯದ್ದೇನು? ಗಿಟಾರ್! ಹಾಡಿನ ಕೆಳಗೆ ಝರಿಯಂತೆ ಹರಿಯುವ ಆ ಬೆರಳಾಟ ಅವರದ್ದು. 1965ರ ತಮ್ಮ ಮೊದಲ ಆಲ್ಬಮ್‌ನಲ್ಲೇ ಅದನ್ನು ನುಡಿಸಿದ್ದರು. ಲಂಡನ್‌ನಲ್ಲಿದ್ದ ಸೈಮನ್ ಕಲಿತದ್ದು ಅವರಿಂದಲೇ. 1966ರಲ್ಲಿ ಈ ಹಾಡಿದ್ದ ಸೈಮನ್ ಮತ್ತು ಗಾರ್ಫಂಕಲ್ ಜೋಡಿಯ ಆಲ್ಬಮ್ ಬಂದಾಗ ಕಾರ್ತಿ ಹೆಸರೂ ಇರಲಿಲ್ಲ, ಜನಪದ ಎಂಬ ಮಾತೂ ಇರಲಿಲ್ಲ. ಬೇಜಾರಾಗದೆ ಇರುತ್ತದಾ? ಕಾರ್ತಿಗೂ ವರ್ಷಗಟ್ಟಲೆ ಕಹಿ ಇತ್ತು.



‘ಕಾರ್ತಿ, ಸೈಮನ್ ಇಬ್ಬರೂ ಇವತ್ತಿಗೂ ಮಾತಾಡಲ್ಲ’ ಎನ್ನುವುದಂತೂ ಸುಮ್ನೆ ಗಾಳಿಮಾತು. 2000ದಲ್ಲಿ ಸೈಮನ್ ತಾವೇ ಕರೆದು, ಲಂಡನ್ ವೇದಿಕೆಯಲ್ಲಿ ಇಬ್ಬರೂ ಇದೇ ಹಾಡನ್ನು ಒಟ್ಟಿಗೆ ಹಾಡಿದರು. 2025ರಲ್ಲಿ, 84ನೇ ವಯಸ್ಸಿಗೆ, ಕಾರ್ತಿ ಅದರ ಹೊಸ ಧ್ವನಿಮುದ್ರಣ ಹೊರತಂದಿದ್ದಾರೆ. ಈ ಸಲ ಜೊತೆಗೆ ಶೀಮಾ ಮುಖರ್ಜಿ ಅವರ ಸಿತಾರ್ ಇದೆ.