ಒತ್ತು ಎಲ್ಲೋ?

ಭಾನುವಾರ ಕಾಫಿ ಆರುವುದರೊಳಗೆ ಮುಗಿಯಬೇಕಿದ್ದ ಕೆಲಸ. ಅಪ್ಪನ ಹಳೇ ಲ್ಯಾಪ್‌ಟಾಪಿನಲ್ಲಿ ಮೆನು ಅಕ್ಷರ ಅವರಿಗೆ ಕಾಣುವುದಿಲ್ಲ, ದೊಡ್ಡದು ಮಾಡಬೇಕು, ಅಷ್ಟೇ. ವಿಂಡೋಸ್ ಬದಲು ಲಿನಕ್ಸ್ ಹಾಕಿಕೊಟ್ಟ ತಪ್ಪಿಗೆ ಅದೂ ನನ್ನದೇ ಪಾಲು. ಸೆಟ್ಟಿಂಗ್ಸ್‌ಗೆ ಹೋದರೆ ಮೆನುಗೊಂದು ಫಾಂಟು, ಟೂಲ್‌ಬಾರಿಗೊಂದು, ಕಿಟಕಿಯ ತಲೆಬರಹಕ್ಕೊಂದು. ಮದುವೆಮನೆಯಲ್ಲಿ ಒಬ್ಬೊಬ್ಬ ಬೀಗರಿಗೂ ಬೇರೆ ಬೇರೆ ಮರ್ಯಾದೆ ಮಾಡಿದ ಹಾಗೆ. ತಾಳ್ಮೆ ಕೆಟ್ಟು ಎಲ್ಲಕ್ಕೂ ನೋಟೊ ಸಾನ್ಸ್ ಕನ್ನಡ ಹಾಕಿ, 10 ಇದ್ದ ಅಳತೆಯನ್ನು 20 ಮಾಡಿದೆ.

ಅಕ್ಷರವೇನೋ ಉಬ್ಬಿತು. ಆದರೆ ಅಪ್ಪ ಲೆಕ್ಕ ಬರೆಯುವ ತಂತ್ರಾಂಶದಲ್ಲಿ ಸಾಲಿನ ಎತ್ತರ ಮಾತ್ರ ಇದ್ದಷ್ಟೇ. ಇಂಗ್ಲಿಷಿನ ಅಳತೆಗೆ ಹೊಲಿದ ಅಂಗಿ ಅದು. ನಮ್ಮ ಅಕ್ಷರಕ್ಕೆ ಕೆಳಗೆ ಒತ್ತೂ ಇರುತ್ತದೆಂದು ದರ್ಜಿಗೆ ಯಾರೂ ಹೇಳಿದಂತಿಲ್ಲ. ಒತ್ತೆಲ್ಲ ಕತ್ತರಿಸಿಹೋಯಿತು.

ಅಪ್ಪ ಮೂವತ್ತು ವರ್ಷ ಕನ್ನಡ ಮೇಷ್ಟ್ರು. ಕೆಂಪು ಪೆನ್ನಿಲ್ಲದಿದ್ದರೇನು, ಬೆರಳಿದೆಯಲ್ಲ.

"'ಮುಚು' ಅಂತೆ. ಒತ್ತು ಎಲ್ಲೋ?"

"ಅಪ್ಪ, ಅದು..."

"'ರದು ಮಾಡು'. ಅರ್ಧ ಅಂಕ ಕಟ್. 'ಮುದಿಸು'! ಇದು ಪ್ರಿಂಟ್ ತೆಗೆಯೋದೋ, ನನ್ನ ಇನ್ನೂ ಮುದಿ ಮಾಡೋದೋ?"

'ಹುಬ್ಬಳ್ಳಿ ಖರ್ಚು' ಅನ್ನುವ ಅವರದೇ ಕಡತ 'ಹುಬಳಿ ಖರ್ಚು' ಆದದ್ದು ಕಂಡಾಗ ಕನ್ನಡಕ ತೆಗೆದು ನನ್ನ ಮುಖವನ್ನೇ ನೋಡಿದರು. ಏಳನೇ ಕ್ಲಾಸಿನಲ್ಲೂ ಹೀಗೇ ನೋಡಿದ್ದರು.

ಮೊದಲಿನಂತೆ ಮಾಡೋಣವೆಂದರೆ ಸೆಟ್ಟಿಂಗ್ಸ್ ಕಿಟಕಿಯೂ ಊದಿಕೊಂಡು 'ಸರಿ' ಬಟನ್ ಪರದೆಯಿಂದ ಕೆಳಗೆ ಪಾತಾಳಕ್ಕಿಳಿದಿತ್ತು. "ಸರಿ ಒತ್ತು," ಅಂದರು ಅಪ್ಪ. ಒತ್ತೋಕೆ ಅದು ಕಾಣಬೇಕಲ್ಲ! ಟ್ಯಾಬ್ ಕೀ ಎಣಿಸುತ್ತಾ ಕುರುಡಾಗಿ ಎಂಟರ್ ಹೊಡೆದೆ. ಸಿಕ್ಕಿದ್ದು 'ರದ್ದು'. ಮತ್ತೆ ಮೊದಲಿಂದ. ಅಪ್ಪ ಒಮ್ಮೆ ಲ್ಯಾಪ್‌ಟಾಪ್ ಎತ್ತಿ ಅಡಿಗೂ ಇಣುಕಿದರು. ಗೇಲಿಗೋ ನಿಜಕ್ಕೋ ಗೊತ್ತಾಗಲಿಲ್ಲ.

ಅವರು ಬೋರ್ಡಿನಲ್ಲಿ ಬರೆದರೆ ಕೊನೇ ಬೆಂಚಿಗೂ ಕಾಣುತ್ತಿತ್ತು. ಒತ್ತುಗಳು ಧಾರಾಳವಾಗಿ ಇಳಿಯಲೆಂದು ಸಾಲುಗಳ ನಡುವೆ ಗೇಣು ಜಾಗ ಬಿಡುತ್ತಿದ್ದರು. ಈಗ ಅದೇ ಮನುಷ್ಯ ಪರದೆಗೆ ಮೂಗು ತಾಗಿಸಿ ಕೂತಿದ್ದರು.

ಕೊನೆಗೆ ಕೀಬೋರ್ಡಿನ ಒಂದು ಕೀ ಒತ್ತಿ ಹಿಡಿದು ಕಿಟಕಿಯನ್ನೇ ಮೇಲಕ್ಕೆಳೆದು 12ಕ್ಕೆ ಇಳಿಸಿದೆ. ಒತ್ತುಗಳೆಲ್ಲ ವಾಪಸು ಬಂದವು. ಅಪ್ಪ ಭೂತಗನ್ನಡಿ ತಂದು ಬಹಳ ಹೊತ್ತು ನೋಡಿದರು.

"ಒತ್ತೇನೋ ಇದೆ," ಅಂದರು. "ಅಕ್ಷರ ಎಲ್ಲೋ?"