ಒತ್ತಿ ಹಿಡಿ, ಮಾತಾಡಬೇಡ

ಬ್ರೇಕ್ ಪೆಡಲ್ ಮೆತ್ತಗೆ ಒಳಗಿಳಿದು, ಎರಡು ಮೂರು ಸಲ ಒತ್ತಿದ ಮೇಲಷ್ಟೇ ಗಟ್ಟಿಯಾಗುತ್ತಿದ್ದರೆ ಬಹುಮಟ್ಟಿಗೆ ಬ್ರೇಕ್ ಆಯಿಲ್ ಹರಿಯುವ ಲೈನಿನಲ್ಲಿ ಏರ್ ಹಿಡಿದಿರುತ್ತದೆ. ಆಯಿಲ್ ಕುಗ್ಗುವುದಿಲ್ಲ, ಗಾಳಿ ಕುಗ್ಗುತ್ತದೆ. ಕಾಲಿನ ಬಲವೆಲ್ಲ ಆ ಗುಳ್ಳೆಯನ್ನು ಹಿಸುಕುವುದಕ್ಕೇ ಖರ್ಚು.

ಆ ಏರ್ ಹೊರಗೆ ತೆಗೆಯುವುದಕ್ಕೆ ಸಾಮಾನು ಜಾಸ್ತಿ ಬೇಡ, ಪೆಡಲ್ ಒತ್ತಲು ಒಬ್ಬ ಸಹಾಯಕ ಬೇಕು. ಮುಚ್ಚಳ ಒಡೆಯದ ಅರ್ಧ ಲೀಟರ್ ಡಾಟ್ 3 ಅಥವಾ ಡಾಟ್ 4 ಬ್ರೇಕ್ ಆಯಿಲ್ (ಯಾವುದೆಂದು ಆಯಿಲ್ ತುಂಬುವ ಡಬ್ಬಿಯ, ಅಂದರೆ ರಿಸರ್ವಾಯರಿನ, ಮುಚ್ಚಳದ ಮೇಲೇ ಬರೆದಿರುತ್ತದೆ), ನಿಪ್ಪಲ್ಲಿಗೆ (ಚಕ್ರದ ಬ್ರೇಕಿನಲ್ಲಿ ಏರ್ ಬಿಡುವ ತೂತಿನ ಸ್ಕ್ರೂ) ಬಿಗಿಯಾಗಿ ಕೂರುವ ಪಾರದರ್ಶಕ ಪೈಪು, ಒಂದು ಬಾಟಲಿ, ಸರಿಯಾದ ಅಳತೆಯ ರಿಂಗ್ ಸ್ಪ್ಯಾನರ್. ಬಾಯಿ ತೆರೆದ ಡಬಲ್ ಎಂಡ್ ಸ್ಪ್ಯಾನರ್ ಹಾಕಿದರೆ ನಿಪ್ಪಲ್ಲಿನ ಮೂಲೆ ಸವೆದು ಗುಂಡಗಾಗುತ್ತದೆ. ಆಮೇಲೆ ಅದನ್ನು ತೆಗೆಯಲು ಮೆಕ್ಯಾನಿಕ್ಕೇ ಬರಬೇಕು. ಅವನು ಬಂದವನೇ ಮೊದಲು ಕೇಳುವುದು, ‘ಯಾರ್ ಸಾರ್ ಕೈ ಹಾಕಿದ್ದು?’

ದಾವಣಗೆರೆಯಲ್ಲಿ ಈ ಕೆಲಸವನ್ನು ಬೆಣ್ಣೆ ದೋಸೆಗೆ ಮುಂಚೆಯೇ ಮುಗಿಸುವುದು ಒಳ್ಳೆಯದು. ಎರಡು ದೋಸೆ ಇಳಿಸಿದ ಸಹಾಯಕ ಪೆಡಲ್ ಮೇಲೆ ಕಾಲಿಟ್ಟೇ ತೂಕಡಿಸುತ್ತಾನೆ. ಜಿಡ್ಡಿನ ಕೈಯಂತೂ ರಿಸರ್ವಾಯರ್ ಹತ್ತಿರ ಸುಳಿಯಕೂಡದು. ಎಂಜಿನ್ ಆಯಿಲ್ಲೋ ಗ್ರೀಸೋ ಒಳಗೆ ಸೇರಿದರೆ ಪೆಡಲ್ ಒತ್ತಿದಾಗ ಆಯಿಲನ್ನು ಲೈನಿಗೆ ತಳ್ಳುವ ಮಾಸ್ಟರ್ ಸಿಲಿಂಡರಿನ ರಬ್ಬರ್ ಸೀಲುಗಳು ಊದಿಕೊಳ್ಳುತ್ತವೆ.

ಎಂಜಿನ್ ಆಫ್, ಚಕ್ರಕ್ಕೆ ಸೈಜುಗಲ್ಲು. ಬರೀ ಜಾಕಿ ನಂಬಿ ಕಾರಿನಡಿ ತಲೆ ಹಾಕಬಾರದು, ಸ್ಟ್ಯಾಂಡ್ ಬೇಕೇ ಬೇಕು. ಮಾಸ್ಟರ್ ಸಿಲಿಂಡರಿಗೆ ದೂರದ ಚಕ್ರ ಮೊದಲು ಎನ್ನುವುದು ರೂಢಿ, ಅಂದರೆ ನಮ್ಮ ಕಾರುಗಳಲ್ಲಿ ಹಿಂದಿನ ಎಡ. ಕೆಲವು ಗಾಡಿಗಳಲ್ಲಿ ಕ್ರಮ ಬೇರೆ, ಮ್ಯಾನ್ಯುಯಲ್ ಹೇಳಿದ್ದೇ ಕೊನೆಯ ಮಾತು. ಪೈಪಿನ ಒಂದು ತುದಿ ನಿಪ್ಪಲ್ಲಿಗೆ ಸಿಕ್ಕಿಸಿ, ಇನ್ನೊಂದು ತುದಿ ಬಾಟಲಿಗೆ ಹಾಕಿದ ಒಂದಿಷ್ಟು ಆಯಿಲ್‌ನಲ್ಲಿ ಮುಳುಗಿರಲಿ.

ಎಡವಟ್ಟಾಗುವುದು ಇಲ್ಲಿಂದ ಮುಂದೆ. ಸಹಾಯಕ ಪೆಡಲ್ ಒತ್ತಿ ಹಿಡಿಯಬೇಕು, ನೀವು ನಿಪ್ಪಲ್ ಕಾಲು ಸುತ್ತು ಬಿಚ್ಚಬೇಕು, ಗುಳ್ಳೆ ಹೊರಬಂದ ಮೇಲೆ ಮುಚ್ಚಬೇಕು, ಆಮೇಲಷ್ಟೇ ಕಾಲು ತೆಗೆಯಬೇಕು. ಮುಚ್ಚುವ ಮೊದಲೇ ಕಾಲೆತ್ತಿದರೆ ಹೋದ ಗಾಳಿ ನಿಪ್ಪಲ್ಲಿನ ಥ್ರೆಡ್ಡಿನಿಂದಲೇ ವಾಪಸ್ ನುಗ್ಗುತ್ತದೆ.

‘ಒತ್ತಿದೆಯಾ?’

‘ಹ್ಞೂಂ ರೀ, ಒತ್ತೀನಿ.’

‘ಹಿಡ್ಕಂಡಿರು.’

‘ರೀ, ಪೆಡಲ್ ಕೆಳಗೋಗ್ತೈತೆ!’

ಹೋಗಲೇಬೇಕು. ಗಾಬರಿಯಿಂದ ಕಾಲೆತ್ತಿಬಿಟ್ಟರೆ ಮೊದಲಿಂದ ಶುರು. ಈ ಒಂದು ವಿಷಯವನ್ನು ಮೊದಲೇ ಹೇಳಿಟ್ಟರೆ ಅರ್ಧ ಜಗಳ ತಪ್ಪುತ್ತದೆ. ಫೋನ್ ಇಸಿದುಕೊಂಡು ಒಳಗಿಟ್ಟರೆ ಉಳಿದರ್ಧ. ಪೆಡಲ್ ಅಡಿಗೆ ಮರದ ತುಂಡೊಂದು ಇರಲಿ. ಹಳೇ ಗಾಡಿಯಲ್ಲಿ ಪೆಡಲ್ ನೆಲ ಮುಟ್ಟಿದರೆ ಸೀಲುಗಳು ಎಂದೂ ಓಡಾಡದ ತುಕ್ಕಿನ ಜಾಗಕ್ಕೆ ಹೋಗಿ ಹರಿದುಕೊಳ್ಳುತ್ತವೆ.

ಡಿಕಾಕ್ಷನ್ ಬಣ್ಣದ ಹಳೇ ಆಯಿಲ್ ಹೋಗಿ ತಿಳಿ ಹಳದಿ ಬರತೊಡಗಿದಾಗ ಎಲ್ಲರಿಗೂ ಖುಷಿ. ಆ ಖುಷಿಯಲ್ಲಿ ಮರೆತುಹೋಗುವುದು ರಿಸರ್ವಾಯರ್. ಐದಾರು ಒತ್ತಿಗೊಮ್ಮೆ ತುಂಬಿಸದಿದ್ದರೆ ಅದು ಖಾಲಿಯಾಗಿ ಮೇಲಿಂದಲೇ ಗಾಳಿ ಎಳೆಯುತ್ತದೆ. ಆಯಿಲ್ ಪೇಂಟ್ ಮೇಲೆ ಚೆಲ್ಲಿದರೆ ಬಟ್ಟೆಯಲ್ಲಿ ಉಜ್ಜದೆ ಕೂಡಲೇ ನೀರು ಸುರಿಯಬೇಕು. ಉಜ್ಜಿದರೆ ಪೇಂಟೂ ಬಟ್ಟೆಗೇ ಬರುತ್ತದೆ.

ಕ್ಲಚ್ಚಿನದು ಇನ್ನೊಂದು ತರಹ. ಎಷ್ಟೋ ಕಾರುಗಳಲ್ಲಿ ಬ್ರೇಕಿಗೂ ಕ್ಲಚ್ಚಿಗೂ ಒಂದೇ ರಿಸರ್ವಾಯರ್. ಕ್ಲಚ್ ಪೈಪಿನ ಬಾಯಿ ಮೇಲ್ಮಟ್ಟದಲ್ಲಿರುವುದರಿಂದ ಆಯಿಲ್ ಇಳಿದಾಗ ಮೊದಲು ಕೈಕೊಡುವುದು ಕ್ಲಚ್ಚು, ಬ್ರೇಕ್ ಉಳಿದಿರುತ್ತದೆ. ಕ್ಲಚ್ಚಿನ ನಿಪ್ಪಲ್ ಗೇರ್‌ಬಾಕ್ಸಿನ ಮೇಲಿರುವ, ಕ್ಲಚ್ಚನ್ನು ತಳ್ಳುವ ಸ್ಲೇವ್ ಸಿಲಿಂಡರಿನಲ್ಲಿ. ಏರ್ ತೆಗೆಯುವಾಗ ಪೆಡಲ್ ತಾನಾಗಿ ಮೇಲೆ ಬರುವುದಿಲ್ಲ, ಕೈಯಲ್ಲಿ ಎತ್ತಬೇಕು. ಇದನ್ನು ಕಂಡು ಕಾಂಪೌಂಡಿನಾಚೆಯ ಮಾವ ‘ಕ್ಲಚ್ ಪ್ಲೇಟ್ ಹೋಗೈತಿ’ ಎಂದು ತೀರ್ಪು ಕೊಟ್ಟರೆ ಚಹಾ ಕೊಟ್ಟು ಕಳಿಸಿ.

ಮುಗಿದ ಮೇಲೆ ಎಂಜಿನ್ ಸ್ಟಾರ್ಟ್ ಮಾಡಿದಾಗ ಪೆಡಲ್ ಒಂದಿಷ್ಟು ಇಳಿಯುತ್ತದೆ. ಅದು ಕಾಲಿನ ಬಲಕ್ಕೆ ಬಲ ಕೂಡಿಸುವ ಬೂಸ್ಟರಿನ ಕೆಲಸ, ಗಾಳಿಯದಲ್ಲ. ಗಟ್ಟಿ ನಿಂತಿದೆಯಾ ನೋಡಿ, ಖಾಲಿ ಮೈದಾನದಲ್ಲಿ ನಿಧಾನಕ್ಕೆ ಓಡಿಸಿ, ನಿಪ್ಪಲ್ಲುಗಳು ಒದ್ದೆಯಾಗಿವೆಯಾ ಪರೀಕ್ಷಿಸಿ. ಚಿತ್ರದುರ್ಗದ ಜೋಗಿಮಟ್ಟಿ ಇಳಿಜಾರೆಲ್ಲ ಆಮೇಲೆ. ಉಳಿದ ಆಯಿಲ್ ಗಾಳಿಯ ತೇವ ಹೀರುವುದರಿಂದ ಮುಂದಿನ ವರ್ಷಕ್ಕೆಂದು ಎತ್ತಿಡಬೇಡಿ. ತಂಪು ಪಾನೀಯದ ಬಾಟಲಿಗಂತೂ ಸುರಿಯಲೇಬೇಡಿ, ಅದು ವಿಷ. ಹಳೇ ಆಯಿಲ್ ಚರಂಡಿಗಲ್ಲ, ಗ್ಯಾರೇಜಿನ ವೇಸ್ಟ್ ಡಬ್ಬಕ್ಕೆ. ಅಲ್ಲಿಗೆ ಹೋದಾಗ ಮನೆಯಲ್ಲೇ ಏರ್ ತೆಗೆದೆವೆಂದು ಹೇಳಿಕೊಳ್ಳಬೇಡಿ, ನಾಲ್ಕೂ ಚಕ್ರ ಮತ್ತೆ ಬಿಚ್ಚಿಸುತ್ತಾರೆ.