ಹೊಲ ಕೊಟ್ಟವನೇ ಯಾಕೆ ಕೋರ್ಟಿಗೆ ಅಲೆಯಬೇಕು?

ನಮ್ಮ ಹಾವೇರಿ ಕಡೆ ಹೊಲದ ಬದುವಿನ ಮೇಲೆ ಯಾರೋ ಗುರುತಿಲ್ಲದವರು ಸರ್ವೇ ಮಷೀನು ಇಟ್ಟುಕೊಂಡು ನಿಂತರೆ ಅರ್ಧ ಗಂಟೆಯಲ್ಲಿ ಊರಿಗೆಲ್ಲ ಸುದ್ದಿ ಮುಟ್ಟುತ್ತದೆ. ಎತ್ತು ಬಿಟ್ಟು ಬಂದವರು, ಮೆಣಸಿನಕಾಯಿ ಹರಿಯುವುದನ್ನು ಬಿಟ್ಟು ಬಂದವರು ಸುತ್ತ ನೆರೆಯುತ್ತಾರೆ. ‘ಏನ್ರಿ ಇದು?’ ಅಂತ ಕೇಳಿದರೆ ‘ನಮಗ ಗೊತ್ತಿಲ್ರಿ, ಮ್ಯಾಲಿಂದ ಆರ್ಡರ್ ಐತಿ’ ಅನ್ನುತ್ತಾರೆ. ರಸ್ತೆಯೋ, ಕಾಲುವೆಯೋ, ರೈಲೋ, ಕಾರ್ಖಾನೆಯೋ ಹೇಳುವವರಿಲ್ಲ. ಸಂಜೆಯ ಹೊತ್ತಿಗೆ ಕಟ್ಟೆಯ ಮೇಲೆ ನಾಲ್ಕು ಕಥೆ ಹುಟ್ಟಿರುತ್ತವೆ. ಯಾರದೋ ಎಂಎಲ್‌ಎ ಸಂಬಂಧಿಕರು ಮೊದಲೇ ಅಲ್ಲಿ ಜಾಗ ಹಿಡಿದಿದ್ದಾರಂತೆ, ಇಷ್ಟು ಎಕರೆ ಅಂತೆ, ಅಷ್ಟು ಎಕರೆ ಅಂತೆ. ಸರ್ಕಾರ ತಾನೇ ಬಾಯಿ ಬಿಟ್ಟು ಹೇಳದಿದ್ದರೆ ಜನ ಅಂತೆಕಂತೆಯನ್ನೇ ನಂಬಬೇಕಾಗುತ್ತದೆ.

ನಾನು ಕೆಲಸಕ್ಕೆ ಅಂತ ಬಂದು ನೆಲೆಸಿರುವುದು ನೆದರ್‌ಲ್ಯಾಂಡ್ಸಿನ ಐಂಡ್‌ಹೋವನ್‌ನಲ್ಲಿ. ಚಿಕ್ಕ ದೇಶ, ಜನ ಜಾಸ್ತಿ, ಜಾಗ ಕಡಿಮೆ. ಹಾಗಾಗಿ ಇಲ್ಲಿಯೂ ಸರ್ಕಾರ ರಸ್ತೆಗೆ, ರೈಲಿಗೆ, ನದಿಗೆ ಅಂತ ಜನರ ಜಾಗ ತೆಗೆದುಕೊಳ್ಳುತ್ತದೆ. ಆದರೆ ತೆಗೆದುಕೊಳ್ಳುವ ರೀತಿ ನೋಡಿದಾಗೆಲ್ಲ ನನಗೆ ಊರಲ್ಲಿರುವ ನಮ್ಮ ಕಾಕಾ ನೆನಪಾಗುತ್ತಾರೆ, ಹೊಟ್ಟೆ ಉರಿಯುತ್ತದೆ.

ಕಾಕಾನ ಹೊಲದ ನಡುವೆ ಕಾಲುವೆ ಹಾಯ್ದು ಹೋಗಿದೆ. ಹೊಲ ಎರಡು ತುಂಡಾಯಿತು. ಆಚೆಯ ತುಂಡಿಗೆ ಚಕ್ಕಡಿ ಒಯ್ಯಬೇಕೆಂದರೆ ದೂರದ ಸೇತುವೆ ಸುತ್ತಿ ಬರಬೇಕು. ಮೊದಲು ಪರಿಹಾರ ಲೆಕ್ಕ ಹಾಕಿದ್ದು ಕಾಲುವೆಗೆ ಹೋದ ಗುಂಟೆಗಳಿಗೆ ಮಾತ್ರ. ಹೊಲ ತುಂಡಾಗಿದ್ದಕ್ಕೂ ಪರಿಹಾರ ಕೇಳಬಹುದು ಅಂತ ಹಳೆಯ 1894ರ ಕಾಯ್ದೆಯಲ್ಲೇ ಇತ್ತು. ಆದರೆ ಅದನ್ನು ಇವರಿಗೆ ಹೇಳುವವರು ಯಾರು? ಕೈಗೆ ಬಂದ ನೋಟಿಸಿನಲ್ಲಿ ಸರ್ವೇ ನಂಬರು, ಹೆಸರು, ಒಂದು ತಾರೀಖು ಇಷ್ಟೇ ಓದಲಿಕ್ಕೆ ಬರುವಂತಿತ್ತು. ಕಾಕಾ ಇವತ್ತಿಗೂ ಒಂದೇ ಮಾತು ಹೇಳುತ್ತಾರೆ: ‘ಭೂಮಿ ಹೋತಂತ ದುಃಖ ಇಲ್ಲೋ ತಮ್ಮಾ. ನೀರು ಹತ್ತೂರಿಗೆ ಹೋಗತೈತಿ, ಹೋಗಲಿ. ಆದ್ರ ನಮ್ಮನ್ನ ಒಂದ್ ಮಾತು ಕೇಳಬೇಕಿತ್ತಲಾ.’

ಆಮೇಲೆ ಶುರುವಾಗಿದ್ದು ಕೋರ್ಟು. ಪರಿಹಾರ ಸಾಲದು ಅಂದರೆ ಅರ್ಜಿ ಕೊಟ್ಟು ಸಿವಿಲ್ ಕೋರ್ಟಿಗೆ ಹೋಗಬೇಕು. ಕೋರ್ಟು ಜಾಸ್ತಿ ಮಾಡಿದರೆ ಸರ್ಕಾರ ಹೈಕೋರ್ಟಿಗೆ ಮೇಲ್ಮನವಿ ಹಾಕುತ್ತದೆ. 2008ರ ಜುಲೈನಲ್ಲಿ ಧಾರವಾಡಕ್ಕೆ ಹೈಕೋರ್ಟಿನ ಸಂಚಾರಿ ಪೀಠ ಬಂತು, 2013ರಲ್ಲಿ ಅದು ಕಾಯಂ ಆಯಿತು. ಪೀಠ ಬರುವ ಮುಂಚೆ ನಮ್ಮವರು ಈ ಕೆಲಸಕ್ಕೆ ರಾತ್ರಿ ಬಸ್ಸು ಹತ್ತಿ ಬೆಂಗಳೂರಿಗೇ ಹೋಗಬೇಕಿತ್ತು. ಪೀಠ ಹತ್ತಿರ ಬಂದಿದ್ದು ದೊಡ್ಡ ಉಪಕಾರ, ಅದನ್ನು ಮನಸಾರೆ ಒಪ್ಪುತ್ತೇನೆ. ಆದರೂ ವಕೀಲರ ಫೀಸು, ಓಡಾಟ, ಉತಾರ ತೆಗೆಸುವುದು, ಹಳೆಯ ಖರೀದಿ ಪತ್ರಗಳ ನಕಲು ತೆಗೆಸುವುದು ಎಲ್ಲ ಹೊಲ ಕಳೆದುಕೊಂಡವನ ಜೇಬಿನಿಂದಲೇ. ಎದುರಿಗೆ ನಿಂತಿರುವ ಸರ್ಕಾರಿ ವಕೀಲರ ಫೀಸು ಕೂಡ ಅವನು ಕಟ್ಟಿದ ತೆರಿಗೆಯಿಂದಲೇ ಬರುವುದು.

ಗೆದ್ದ ಮೇಲಾದರೂ ದುಡ್ಡು ಬರಬೇಕಲ್ವಾ? ಬರುವುದಿಲ್ಲ. ಅದಕ್ಕೆ ಇನ್ನೊಂದು ಕೇಸು, ತೀರ್ಪು ಜಾರಿ ಮಾಡಿಸಿ ಅಂತ ಕೇಳುವ ಅಮಲ್ಜಾರಿ ಅರ್ಜಿ. ಹಾವೇರಿ, ಗದಗ, ಧಾರವಾಡದ ಪತ್ರಿಕೆಗಳ ಜಿಲ್ಲಾ ಪುಟ ಓದುವವರಿಗೆ ‘ಪರಿಹಾರ ನೀಡದ ಕಚೇರಿಯ ಪೀಠೋಪಕರಣ ಜಪ್ತಿ’ ಅನ್ನುವ ಸುದ್ದಿ ಹೊಸದೇನಲ್ಲ. ಒಮ್ಮೆ ರಜೆಗೆ ಬಂದಾಗ ಕಾಕಾನ ಜೊತೆ ಹೋಗಿ ಅದನ್ನು ಕಣ್ಣಾರೆ ಕಂಡೆ. ಕೋರ್ಟಿನ ಅಮೀನರು ಕಾಗದ ಹಿಡಿದುಕೊಂಡು ಕಚೇರಿಯೊಳಗೆ ಹೋದರು. ಸಾಹೇಬರು ಮೀಟಿಂಗಿಗೆ ಹೋಗಿದ್ದರು. ಕುರ್ಚಿ, ಕಂಪ್ಯೂಟರು, ಪ್ರಿಂಟರು ಒಂದೊಂದಾಗಿ ಹೊರಗೆ ಬಂದವು. ರೈತರೇ ಬಾಡಿಗೆಗೆ ತಂದಿದ್ದ ಸಣ್ಣ ಗೂಡ್ಸ್ ಗಾಡಿಯಲ್ಲಿ ಅವನ್ನೆಲ್ಲ ಪೇರಿಸಿದರು. ಒಬ್ಬ ಗುಮಾಸ್ತ ತನ್ನ ಮೇಜಿನ ಮೇಲಿದ್ದ ಫೈಲುಗಳನ್ನು ಎದೆಗೆ ಅವುಚಿಕೊಂಡು ಗೋಡೆಗೆ ಒರಗಿ ನಿಂತಿದ್ದ. ಅವನದೇನು ತಪ್ಪು? ಯಾರ ಮುಖದಲ್ಲೂ ಗೆದ್ದ ಖುಷಿ ಇರಲಿಲ್ಲ. ಒಬ್ಬ ಅಜ್ಜ ಮಾತ್ರ ಗಾಡಿಯ ಹತ್ತಿರ ಹೋಗಿ ಒಂದು ಕುರ್ಚಿಯ ಕೈ ಮುಟ್ಟಿ ನೋಡಿ, ‘ನಮ್ಮ ಹೊಲದ ಕಿಮ್ಮತ್ತು ಇಷ್ಟ ಏನ್ರಿ?’ ಅಂತ ಕೇಳಿದ. ಅಮೀನರು ತಲೆ ತಗ್ಗಿಸಿದರು.

ಈ ತಡದಿಂದ ಸರ್ಕಾರಕ್ಕೆ ಉಳಿಯುವುದಾದರೂ ಏನು? ಹಳೆಯ ಕಾಯ್ದೆಯ ಪ್ರಕಾರ ಹೆಚ್ಚಿಸಿದ ಪರಿಹಾರಕ್ಕೆ ಸ್ವಾಧೀನ ತೆಗೆದುಕೊಂಡ ಮೊದಲ ವರ್ಷ ಶೇ 9, ಆಮೇಲೆ ವರ್ಷಕ್ಕೆ ಶೇ 15 ಬಡ್ಡಿ. ಯಾವ ಬ್ಯಾಂಕಿನ ಠೇವಣಿಗೂ ಇಷ್ಟು ಸಿಗುವುದಿಲ್ಲ. ಹತ್ತು ವರ್ಷ ಎಳೆದರೆ ಬಡ್ಡಿಯೇ ಅಸಲನ್ನು ಮೀರುತ್ತದೆ. ಅಧಿಕಾರಿ ವರ್ಗವಾಗಿ ಹೋಗಿರುತ್ತಾರೆ, ಬಡ್ಡಿ ಕಟ್ಟುವುದು ಖಜಾನೆ. ರೈತನಿಗೂ ಅನ್ಯಾಯ, ತೆರಿಗೆ ಕಟ್ಟುವವನಿಗೂ ಅನ್ಯಾಯ.

ಇಲ್ಲಿನ ರೀತಿ ಹೇಳುತ್ತೇನೆ. ನೆದರ್‌ಲ್ಯಾಂಡ್ಸಿನ ಸಂವಿಧಾನದ 14ನೇ ವಿಧಿ ಎರಡು ಮಾತು ಹೇಳುತ್ತದೆ. ಸಾರ್ವಜನಿಕ ಹಿತಕ್ಕೆ ಮಾತ್ರ ಜಾಗ ತೆಗೆದುಕೊಳ್ಳಬಹುದು, ಪೂರ್ತಿ ಪರಿಹಾರದ ಖಾತ್ರಿ ಮೊದಲೇ ಆಗಿರಬೇಕು. ಆ ‘ಮೊದಲೇ’ ಅನ್ನುವುದರಲ್ಲೇ ಎಲ್ಲ ಇದೆ. ನಮ್ಮಲ್ಲಿ ಆಸ್ತಿ ಹಕ್ಕು ಮೂಲಭೂತ ಹಕ್ಕಾಗಿತ್ತು. 1978ರ 44ನೇ ತಿದ್ದುಪಡಿ ಅದನ್ನು ಆ ಪಟ್ಟಿಯಿಂದ ತೆಗೆಯಿತು. ಈಗ ಉಳಿದಿರುವುದು 300ಎ ವಿಧಿಯ ಒಂದೇ ಸಾಲು, ಕಾನೂನಿನ ಅಧಿಕಾರವಿಲ್ಲದೆ ಯಾರ ಆಸ್ತಿಯನ್ನೂ ಕಸಿಯುವಂತಿಲ್ಲ ಅಂತ. 2024ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಕೋಲ್ಕತ್ತ ನಗರಪಾಲಿಕೆಯ ಕೇಸಿನಲ್ಲಿ ಆ ಒಂದು ಸಾಲಿನೊಳಗೆ ಏಳು ಹಕ್ಕುಗಳಿವೆ ಅಂತ ಬಿಡಿಸಿ ಹೇಳಿತು. ನೋಟಿಸು ಕೊಡಬೇಕು, ಅಹವಾಲು ಕೇಳಬೇಕು, ಕಾರಣ ಬರೆದು ತೀರ್ಮಾನಿಸಬೇಕು, ಸಾರ್ವಜನಿಕ ಉದ್ದೇಶವಿರಬೇಕು, ನ್ಯಾಯವಾದ ಪರಿಹಾರ ಸಿಗಬೇಕು, ಕೆಲಸ ಹೊತ್ತಿಗೆ ಸರಿಯಾಗಿ ಆಗಬೇಕು, ಕೊನೆ ಮುಟ್ಟಬೇಕು. ಇದರಲ್ಲಿ ‘ಅಹವಾಲು ಕೇಳಬೇಕು’ ಅನ್ನುವುದನ್ನು ನಮ್ಮ ಕಾಕಾ ಯಾವ ತೀರ್ಪೂ ಓದದೆ ಹೇಳುತ್ತಾ ಬಂದಿದ್ದಾರೆ.

ನನ್ನ ಜೊತೆ ಕೆಲಸ ಮಾಡುವ ಒಬ್ಬರ ತಂದೆ ಇಲ್ಲಿ ಹೈನುಗಾರ. ರಸ್ತೆ ಅಗಲ ಮಾಡಲು ಅವರ ಹುಲ್ಲುಗಾವಲಿನ ಒಂದು ಪಟ್ಟಿ ಬೇಕಾಯಿತು. ಮೊದಲು ಕಾಗದ ಬಂತು. ಆಮೇಲೆ ಅಧಿಕಾರಿ ಮನೆಗೇ ಬಂದು, ಅಡುಗೆಮನೆಯ ಮೇಜಿನ ಮೇಲೆ ನಕಾಶೆ ಹಾಸಿ ಕೂತರಂತೆ. ತಂದೆ ತಮ್ಮದೇ ಮೌಲ್ಯಮಾಪಕರನ್ನು, ವಕೀಲರನ್ನು ಇಟ್ಟುಕೊಂಡರು. ಅವರ ನ್ಯಾಯವಾದ ಬಿಲ್ಲು ಕಟ್ಟುವುದು ಸರ್ಕಾರವೇ. ಇಲ್ಲಿನ ಕಾನೂನು ಹಾಗೇ ಇದೆ. ನಿನ್ನ ಜಾಗ ನಮಗೆ ಬೇಕಾಗಿದೆ, ಹಾಗಾಗಿ ನಮ್ಮ ಜೊತೆ ಜಗಳ ಆಡುವ ಖರ್ಚೂ ನಮ್ಮದೇ. ಇದನ್ನು ಕಾಕಾಗೆ ಫೋನಿನಲ್ಲಿ ಹೇಳಿದಾಗ ಅವರು ನಂಬಲಿಲ್ಲ. ‘ಸುಮ್ನ ಹೇಳಬ್ಯಾಡಪಾ’ ಅಂದರು.

ಐಂಡ್‌ಹೋವನ್‌ನಿಂದ ಕಾರಿನಲ್ಲಿ ಒಂದು ಗಂಟೆಯೊಳಗೆ ಓವರ್‌ಡೀಪ್ಸ ಪೋಲ್ಡರ್ ಅನ್ನುವ ಜಾಗ ಇದೆ. ಸುತ್ತ ಒಡ್ಡು ಹಾಕಿ ನೀರಿನಿಂದ ಕಾಪಾಡಿಕೊಂಡ ತಗ್ಗು ಭೂಮಿಗೆ ಇಲ್ಲಿ ಪೋಲ್ಡರ್ ಅನ್ನುತ್ತಾರೆ. 1995ರಲ್ಲಿ ಈ ದೇಶದ ನದಿಗಳು ಉಕ್ಕಿ ಸುಮಾರು ಎರಡೂವರೆ ಲಕ್ಷ ಜನ ಮನೆ ಬಿಡಬೇಕಾಯಿತು. ಆಮೇಲೆ ಸರ್ಕಾರ ನದಿಗೆ ಜಾಗ ಬಿಟ್ಟುಕೊಡುವ ಯೋಜನೆ ಮಾಡಿತು. ಈ ಪೋಲ್ಡರಿನ ರೈತರ ಹೊಲಗಳಿಗೆ ಪ್ರವಾಹದ ನೀರು ಬಿಡುವುದೆಂದು ಆಯಿತು. ರೈತರು ಸಿಟ್ಟಾದರು, ಆಮೇಲೆ ಒಟ್ಟಿಗೆ ಕೂತು ತಾವೇ ಒಂದು ನಕಾಶೆ ಮಾಡಿದರು: ನದಿ ಕಡೆಯ ಒಡ್ಡು ತಗ್ಗಿಸಿ, ಹಿಂದಿನ ಒಡ್ಡಿಗೆ ಒರಗಿದಂತೆ ಎತ್ತರದ ದಿಬ್ಬ ಹಾಕಿಕೊಡಿ, ಅದರ ಮೇಲೆ ಮನೆ, ಕೊಟ್ಟಿಗೆ ಕಟ್ಟಿಕೊಳ್ಳುತ್ತೇವೆ. ಸರ್ಕಾರ ಆ ನಕಾಶೆಯನ್ನೇ ಒಪ್ಪಿಕೊಂಡಿತು. ಈಗ ಅಲ್ಲಿ ಎಂಟು ದಿಬ್ಬಗಳ ಮೇಲೆ ಎಂಟು ಫಾರ್ಮುಗಳಿವೆ. ಉಳಿದ ಕುಟುಂಬಗಳು ಪರಿಹಾರ ತೆಗೆದುಕೊಂಡು ಬೇರೆ ಕಡೆ ಹೋದವು. ಹತ್ತು ವರ್ಷಕ್ಕಿಂತ ಜಾಸ್ತಿ ಹಿಡಿಯಿತು, ಎಲ್ಲರಿಗೂ ಸುಖವಾಗಲಿಲ್ಲ. ಆದರೆ ಮೊದಲ ನಕಾಶೆ ರೈತನ ಕೈಯಿಂದ ಬಂತು. ಆ ಒಡ್ಡಿನ ಮೇಲೆ ನಿಂತು ನೋಡುವಾಗ ನನಗೆ ಮಲಪ್ರಭಾ ಬಯಲಿನ ಊರುಗಳು ಕಣ್ಣ ಮುಂದೆ ಬಂದವು.

ಇಲ್ಲಿ ಎಲ್ಲವೂ ಚೆನ್ನಾಗಿದೆ ಅಂತ ನಾನು ಹೇಳುತ್ತಿಲ್ಲ. 2019ರ ಅಕ್ಟೋಬರಿನಲ್ಲಿ ದನದ ಸಗಣಿ, ಗೊಬ್ಬರದಿಂದ ಹೊಮ್ಮುವ ಸಾರಜನಕ ಕಡಿಮೆ ಮಾಡುವ ನಿಯಮಗಳ ವಿರುದ್ಧ ಇಲ್ಲಿನ ರೈತರು ಟ್ರ್ಯಾಕ್ಟರುಗಳಲ್ಲಿ ದ ಹೇಗ್‌ಗೆ ನುಗ್ಗಿದರು. ಮುಂದೆ ಹಳ್ಳಿ ಹಳ್ಳಿಯಲ್ಲಿ ರಾಷ್ಟ್ರಧ್ವಜವನ್ನು ತಲೆಕೆಳಗಾಗಿ ಕಟ್ಟಿದರು. ಮಕ್ಕಳ ಪಾಲನೆಯ ಭತ್ಯೆಯಲ್ಲಿ ಮೋಸ ಮಾಡಿದ್ದಾರೆಂದು ತೆರಿಗೆ ಇಲಾಖೆ ಸಾವಿರಾರು ತಂದೆ ತಾಯಂದಿರ ಮೇಲೆ ಸುಳ್ಳು ಆರೋಪ ಹೊರಿಸಿ ಅವರನ್ನು ಸಾಲಕ್ಕೆ ದೂಡಿತು. ಅದು ಬಯಲಾಗಿ 2021ರ ಜನವರಿಯಲ್ಲಿ ಇಡೀ ಮಂತ್ರಿಮಂಡಲ ರಾಜೀನಾಮೆ ಕೊಟ್ಟಿತು. ಅಂದರೆ ಒಳ್ಳೆಯ ಕಾನೂನು ಇರುವ ದೇಶದಲ್ಲೂ, ಜನರ ಮಾತು ಕೇಳುವುದನ್ನು ಬಿಟ್ಟ ದಿನ ನಂಬಿಕೆ ಒಡೆಯುತ್ತದೆ.

ನಮ್ಮ ಭಾಗಕ್ಕಂತೂ ಈ ಗಾಯ ಹಳೆಯದು. ಬ್ರಿಟಿಷರ 1852ರ ಇನಾಂ ಕಮಿಷನ್ ಮುಂಬೈ ಕರ್ನಾಟಕದಲ್ಲಿ ತಲೆತಲಾಂತರದ ಇನಾಂ ಭೂಮಿಗೆ ದಾಖಲೆ ಕೇಳಿ ಎಷ್ಟೋ ಜನರ ಭೂಮಿ ತೆಗೆಯಿತು. ಆ ಸಿಟ್ಟು 1858ರಲ್ಲಿ ನರಗುಂದದ ಬಾಬಾಸಾಹೇಬನ ದಂಗೆಗೂ ಸೇರಿಕೊಂಡಿತು. ಅದೇ ನರಗುಂದದಲ್ಲಿ, ಪಕ್ಕದ ನವಲಗುಂದದಲ್ಲಿ, 1980ರ ಜುಲೈ 21ರಂದು ಗೋಲಿಬಾರ್ ಆಗಿ ರೈತರು ಸತ್ತರು. ಹೊಲಕ್ಕೆ ಮಲಪ್ರಭಾ ನೀರು ಸರಿಯಾಗಿ ಮುಟ್ಟುವ ಮೊದಲೇ ಬೆಟರ್‌ಮೆಂಟ್ ಲೆವಿ, ಅಂದರೆ ನೀರಾವರಿಯಿಂದ ಭೂಮಿಯ ಬೆಲೆ ಏರಿತೆಂದು ಹಾಕುವ ಕರ, ಕಟ್ಟಿ ಅಂದಿದ್ದು ಅದಕ್ಕೆ ಕಾರಣ. ಇವತ್ತಿಗೂ ಪ್ರತಿ ವರ್ಷ ಆ ದಿನ ಅಲ್ಲಿ ಹುತಾತ್ಮ ರೈತರಿಗೆ ಹೂವು ಹಾಕುತ್ತಾರೆ. ಇಂಥ ನೆನಪು ಇರುವ ಜನರ ಹತ್ತಿರ ಹೋಗುವಾಗ ಅಧಿಕಾರಿಗಳು ನಾಲ್ಕು ಪಟ್ಟು ಹುಷಾರಾಗಿರಬೇಕು.

2010ರಲ್ಲಿ ಮುಂಡರಗಿ ತಾಲ್ಲೂಕಿನ ಹಳ್ಳಿಗುಡಿಯಲ್ಲಿ ಏನಾಯಿತು? ಕೊರಿಯಾದ ಪೋಸ್ಕೋ ಕಂಪನಿಯ ಉಕ್ಕಿನ ಕಾರ್ಖಾನೆಗೆ 3,300ಕ್ಕೂ ಹೆಚ್ಚು ಎಕರೆ ಬೇಕು ಅಂತ ಸರ್ಕಾರ ಹೊರಟಿತು. ಮಳೆಯಾದರೆ ಬಂಗಾರದಂಥ ಬೆಳೆ ಕೊಡುವ ಎರೆಭೂಮಿ ಅದು. ರೈತರು ಎದ್ದರು, ಗದಗದ ತೋಂಟದಾರ್ಯ ಮಠದ ಸಿದ್ಧಲಿಂಗ ಸ್ವಾಮೀಜಿ ಅವರ ಜೊತೆ ನಿಂತರು. 2011ರ ಜುಲೈನಲ್ಲಿ ಸರ್ಕಾರ ಕೈಬಿಟ್ಟಿತು. ವಿಮಾನ ಉದ್ಯಮದ ಪಾರ್ಕಿಗೆ ಅಂತ ಕೇಳಿದ್ದ ದೇವನಹಳ್ಳಿ ಹತ್ತಿರದ 1,777 ಎಕರೆಯದೂ ಅದೇ ಕಥೆ, 2025ರ ಜುಲೈನಲ್ಲಿ ಕೈಬಿಟ್ಟರು. ಎರಡೂ ಕಡೆ ಮೊದಲು ಅಧಿಸೂಚನೆ, ಆಮೇಲೆ ಹೋರಾಟ, ಕೊನೆಗೆ ಮಾತುಕತೆ. ಆ ಕೊನೆಯ ಮಾತುಕತೆಯನ್ನೇ ಮೊದಲು ಮಾಡಿದ್ದರೆ ಎಷ್ಟು ಜನರ ನಿದ್ದೆ ಉಳಿಯುತ್ತಿತ್ತು! ಕಾರ್ಖಾನೆ ಬೇಡ ಅನ್ನುವವನು ನಾನಲ್ಲ. ನಮ್ಮ ಕಡೆಯ ಹುಡುಗರು ಕೆಲಸ ಹುಡುಕಿಕೊಂಡು ಎಷ್ಟು ದೂರ ಹೋಗಬೇಕಾಗುತ್ತದೆ ಅನ್ನುವುದಕ್ಕೆ ನಾನೇ ಸಾಕ್ಷಿ.

2013ರ ಭೂಸ್ವಾಧೀನ ಕಾಯ್ದೆ ಬಂದಾಗ ನನಗೆ ತುಂಬಾ ಸಂತೋಷವಾಗಿತ್ತು. ಹಳ್ಳಿಗಳಲ್ಲಿ ಮಾರುಕಟ್ಟೆ ಬೆಲೆಯ ನಾಲ್ಕು ಪಟ್ಟಿನವರೆಗೆ ಪರಿಹಾರ, ಖಾಸಗಿ ಕಂಪನಿಗೆ ಬೇಕಾದರೆ ಶೇ 80 ಜನರ ಒಪ್ಪಿಗೆ, ಊರಿನಲ್ಲೇ ಕೂತು ಜನರ ಮಾತು ಕೇಳುವ ಸಾಮಾಜಿಕ ಪರಿಣಾಮ ಅಧ್ಯಯನ. ಆದರೆ ಕರ್ನಾಟಕ 2019ರಲ್ಲಿ ತಿದ್ದುಪಡಿ ತಂದು ಕೈಗಾರಿಕಾ ಕಾರಿಡಾರ್, ಮೂಲಸೌಕರ್ಯದಂಥ ಯೋಜನೆಗಳನ್ನು ಆ ಅಧ್ಯಯನದಿಂದ ಬಿಡಿಸುವ ದಾರಿ ಮಾಡಿಕೊಂಡಿತು. ಕೈಗಾರಿಕೆಗೆ ಭೂಮಿ ತೆಗೆಯುವುದು ಇವತ್ತಿಗೂ ಮುಖ್ಯವಾಗಿ 1966ರ ಕೈಗಾರಿಕಾ ಪ್ರದೇಶಗಳ ಅಭಿವೃದ್ಧಿ ಕಾಯ್ದೆಯಡಿ. ಅದರಲ್ಲಿ ಅಧ್ಯಯನವೂ ಇಲ್ಲ, ರೈತರ ಒಪ್ಪಿಗೆಯ ಷರತ್ತೂ ಇಲ್ಲ. ಮುಂಬಾಗಿಲಿಗೆ ಒಳ್ಳೆಯ ಕಾನೂನು ಕೂರಿಸಿ ಹಿತ್ತಲ ಬಾಗಿಲು ತೆರೆದಿಟ್ಟಂತಾಗಿದೆ.

ನಮ್ಮ ಜನರಿಗೂ ಒಂದು ಮಾತು ಹೇಳಬೇಕು. ಮುದ್ರಾಂಕ ಶುಲ್ಕ ಉಳಿಸಲು ಖರೀದಿ ಪತ್ರದಲ್ಲಿ ಅರ್ಧ ಬೆಲೆ ಬರೆಸುವುದು ನಮ್ಮಲ್ಲಿ ರೂಢಿಯಾಗಿದೆ. ನಾಳೆ ಭೂಮಿ ಹೋಗುವಾಗ ಸರ್ಕಾರ ಆ ಪತ್ರಗಳನ್ನೇ ಮುಂದಿಟ್ಟು ‘ಇಷ್ಟೇ ಬೆಲೆ’ ಅನ್ನುತ್ತದೆ. ಇಲ್ಲಿ ಪ್ರತಿ ಮಾರಾಟದ ಬೆಲೆ ಭೂದಾಖಲೆ ಕಚೇರಿಯಲ್ಲಿ ನೋಂದಣಿಯಾಗುತ್ತದೆ, ಸ್ವಲ್ಪ ಶುಲ್ಕ ಕೊಟ್ಟರೆ ಯಾರು ಬೇಕಾದರೂ ನೋಡಬಹುದು. ಹಾಗಾಗಿ ಬೆಲೆಯ ಜಗಳ ಅರ್ಧ ಕಡಿಮೆ.

ಹುಬ್ಬಳ್ಳಿ-ಧಾರವಾಡದ ನಡುವೆ ಬಸ್ಸಿಗೇ ಮೀಸಲಾದ ದಾರಿಯಲ್ಲಿ ಓಡುವ ಚಿಗರಿ ಬಸ್ಸಿನಲ್ಲಿ ಓಡಾಡುವಾಗ ನನಗೆ ಖುಷಿಯಾಗುತ್ತದೆ. ಆ ಸುಮಾರು 22 ಕಿಲೋಮೀಟರಿಗೆ ಅಂಗಡಿ, ಮನೆಯ ಮುಂಭಾಗ ಕೊಟ್ಟವರ ಋಣ ನಮ್ಮ ಮೇಲಿದೆ. ಕೊಡುವ ಮನಸ್ಸು ನಮ್ಮ ಜನರಿಗೆ ಇದೆ.

ಪ್ರತಿ ಚಳಿಗಾಲ ಬೆಳಗಾವಿಯ ಸುವರ್ಣ ವಿಧಾನಸೌಧದಲ್ಲಿ ಅಧಿವೇಶನ ಸೇರಿದಾಗ ಉತ್ತರ ಕರ್ನಾಟಕದ ಪ್ರಶ್ನೆ ಅಂತ ಮಾತಾಡುತ್ತಾರೆ. ಧಾರವಾಡ, ಗದಗ, ಹಾವೇರಿಯ ಶಾಸಕರು, ಯಾವ ಪಕ್ಷದವರೇ ಇರಲಿ, ಅಲ್ಲಿ ಮೂರು ಕೆಲಸ ಮಾಡಿಸಬೇಕು. ಅಧ್ಯಯನ ಮತ್ತು ಗ್ರಾಮಸಭೆಯನ್ನು 1966ರ ಕಾಯ್ದೆಗೂ ಸೇರಿಸಲಿ. ಭೂಮಿ ಕಳೆದುಕೊಳ್ಳುವವನ ವಕೀಲರ, ಮೌಲ್ಯಮಾಪಕರ ಖರ್ಚನ್ನು ಸರ್ಕಾರವೇ ಕೊಡಲಿ. ಕೋರ್ಟು ಹೆಚ್ಚಿಸಿದ ಪರಿಹಾರ ಯಾವ ತಾಲ್ಲೂಕಿನಲ್ಲಿ ಎಷ್ಟು ಬಾಕಿ ಇದೆ, ಅದರ ಬಡ್ಡಿ ಎಷ್ಟಾಗಿದೆ ಅನ್ನುವ ಪಟ್ಟಿಯನ್ನು ಸದನದಲ್ಲಿ ಮಂಡಿಸಲಿ. ಆ ಪಟ್ಟಿಯಲ್ಲಿ ನಮ್ಮ ಕಾಕಾನ ಹೆಸರೂ ಇರುತ್ತದೆ.